ಹೊಸ ರೈಫಲ್‌ಗೆ ಸೈಟ್ ಕೂರಿಸುವುದು ಹೇಗೆ? ಮೊದಲು ಆ ‘ಮೇಲೇಳುವ ಗುಂಡನ್ನು’ ತಲೆಯಿಂದ ತೆಗೆಯಿರಿ

ಪ್ರಶ್ನೆ: ಮೇಷ್ಟ್ರೇ, ಮಗಳಿಗೆ ಹೊಸ ಏರ್ ರೈಫಲ್ ತಂದಿದ್ದೀವಿ. ಹಿತ್ತಲಲ್ಲಿ ಮೂರು ಮೀಟರ್ ದೂರದಿಂದ ಹೊಡೆದು ಗುರಿ ನೋಡೋ ಸೈಟ್ ಸರಿಮಾಡಿದೆ, ನಡುವಿಗೇ ಬೀಳ್ತಿತ್ತು. ಹತ್ತು ಮೀಟರಿಗೆ ಹೋದರೆ ಗುರಿಯ ಕಾರ್ಡಿಗೇ ತಾಗ್ತಿಲ್ಲ. ಗುಂಡು ಹೋಗ್ತಾ ಹೋಗ್ತಾ ಮೇಲೇಳುತ್ತೆ ಅಂತಾರಲ್ಲ, ಅದಕ್ಕೇನಾ? ರೈಫಲ್ ವಾಪಸ್ ಕೊಡಲಾ?

ವಾಪಸ್ ಕೊಡಬೇಡಿ. ರೈಫಲ್ ಸರಿಯಾಗಿಯೇ ಇದೆ, ನೀವು ಸೈಟ್ ಕೂರಿಸಿದ ದೂರ ತಪ್ಪು. ಇದೇ ಪ್ರಶ್ನೆಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹೊರಗೆ ನಿಂತು ಉತ್ತರ ಹೇಳಿದ್ದೇನೆ, ಚಿಂತಾಮಣಿ ಬಸ್ಸಿನಲ್ಲಿ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಹೇಳಿದ್ದೇನೆ. ಇವತ್ತು ಬರೆದೇ ಇಡುತ್ತೇನೆ.

ಕೆಲಸದ ಮಾತು ಮೊದಲು ಮುಗಿಸೋಣ, ಅದು ಚಿಕ್ಕದು. ಹೊಸ ಸ್ಪ್ರಿಂಗ್ ರೈಫಲ್‌ನ (ಸ್ಪ್ರಿಂಗ್ ಬಲದಿಂದ ಗಾಳಿ ಒತ್ತುವ ಏರ್ ರೈಫಲ್) ಒಳಗೆ ಕಾರ್ಖಾನೆಯ ಎಣ್ಣೆ ಇರುತ್ತದೆ. ಮೊದಮೊದಲು ಅದು ಸುಟ್ಟು ಹೊಗೆ ಬರುತ್ತದೆ, ಪೆಲೆಟ್‌ನ (ಏರ್ ರೈಫಲ್‌ನ ಚಿಕ್ಕ ಗುಂಡು) ವೇಗ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಆ ಹೊಗೆ ನಿಲ್ಲುವವರೆಗೆ ಸೈಟ್ ಮುಟ್ಟಬೇಡಿ. ಮರದ ಹಿಡಿಯ ಸ್ಕ್ರೂಗಳನ್ನು ಬಿಗಿ ಮಾಡಿ, ಹೊಸದರಲ್ಲಿ ಅವು ಸಡಿಲವಾಗುವುದು ಮಾಮೂಲು. ಟೇಪಿನಲ್ಲಿ ಅಳೆದು 10 ಮೀಟರ್ ಗುರುತು ಹಾಕಿ. ಹೆಜ್ಜೆ ಎಣಿಸಬೇಡಿ. ಹಿಂದೆ ಮಣ್ಣು ತುಂಬಿದ ಮೂಟೆ ಇರಲಿ, ಕಲ್ಲಿನ ಗೋಡೆಗೆ ಬಡಿದ ಪೆಲೆಟ್ ನಿಮ್ಮ ಕಡೆಗೇ ವಾಪಸ್ ಬರುತ್ತದೆ. ಮಗಳ ಕಣ್ಣಿಗೆ ಕನ್ನಡಕ ಇರಲೇಬೇಕು. ರೈಫಲ್ಲನ್ನು ನೇರ ಮೂಟೆಯ ಮೇಲೆ ಇಡದೆ ನಡುವೆ ಅಂಗೈ ಕೊಡಿ. ಸ್ಪ್ರಿಂಗ್ ರೈಫಲ್ ಗಟ್ಟಿ ಜಾಗದ ಮೇಲೆ ಕುಣಿಯುತ್ತದೆ, ಕುಣಿದರೆ ಪೆಲೆಟ್ ಬೇರೆ ಕಡೆ ಹೋಗುತ್ತದೆ.

ಈಗ ಒಂದೇ ಡಬ್ಬಿಯ ಐದು ಪೆಲೆಟ್, ಒಂದೇ ಕಡೆ ಗುರಿ. ಒಂದು ಹೊಡೆದು ಓಡಿಹೋಗಿ ನೋಡಿ ಸ್ಕ್ರೂ ತಿರುಗಿಸುವ ಚಟ ಬಿಡಿ. ಒಂದು ತೂತು ಏನನ್ನೂ ಹೇಳುವುದಿಲ್ಲ. ಐದರ ಗುಂಪು ಎಲ್ಲಿ ಕೂತಿದೆಯೋ ಅದರ ನಡುವಿನಿಂದ ಕಾರ್ಡಿನ ನಡುವಿಗೆ ಎಷ್ಟು ದೂರ ಅಂತ ಸ್ಕೇಲಿಟ್ಟು ಅಳೆಯಿರಿ. ಪೆಲೆಟ್ ಎತ್ತ ಹೋಗಬೇಕೋ ಬ್ಯಾಕ್‌ಸೈಟನ್ನು (ಕಣ್ಣಿನ ಹತ್ತಿರದ ಸೈಟ್) ಅತ್ತ ಸರಿಸಿ. ಎಡಕ್ಕೆ ಬೀಳ್ತಿದ್ದರೆ ಬ್ಯಾಕ್‌ಸೈಟ್ ಬಲಕ್ಕೆ, ಕೆಳಗೆ ಬೀಳ್ತಿದ್ದರೆ ಬ್ಯಾಕ್‌ಸೈಟ್ ಮೇಲಕ್ಕೆ. ಫೋರ್‌ಸೈಟ್ (ನಳಿಗೆಯ ಮೂತಿಯ ಹತ್ತಿರದ ಸೈಟ್) ಸರಿಸುವ ರೈಫಲ್ ಆದರೆ ಇದರ ಉಲ್ಟಾ. ಎಷ್ಟು ಸರಿಸಬೇಕು? ಎರಡು ಸೈಟುಗಳ ನಡುವೆ 45 ಸೆಂ.ಮೀ. ಇದೆ ಅಂತಿಟ್ಟುಕೊಳ್ಳಿ. 10 ಮೀಟರಿನಲ್ಲಿ 4 ಸೆಂ.ಮೀ. ತಪ್ಪಿದರೆ 4ನ್ನು 45ರಿಂದ ಗುಣಿಸಿ 1000ದಿಂದ (10 ಮೀಟರ್ ಅಂದರೆ 1000 ಸೆಂ.ಮೀ.) ಭಾಗಿಸಿ: 0.18 ಸೆಂ.ಮೀ., ಅಂದರೆ ಎರಡು ಮಿಲಿಮೀಟರಿಗೂ ಕಡಿಮೆ. ಏಳನೇ ಕ್ಲಾಸಿನ ತ್ರೈರಾಶಿ. ಸರಿಸಿ, ಮತ್ತೆ ಐದು ಹೊಡೆಯಿರಿ. ಮೂರು ನಾಲ್ಕು ಸುತ್ತಿನಲ್ಲಿ ಮುಗಿಯುತ್ತದೆ.

ಈಗ ಆ ಮೇಲೇಳುವ ಗುಂಡಿನ ವಿಚಾರ.

ಇದನ್ನು ಎನ್‌ಸಿಸಿ ಕ್ಯಾಂಪಿನಿಂದ ಬಂದ ಹುಡುಗರು ಹೇಳುತ್ತಾರೆ, ತೋಟಕ್ಕೆ ಬಂದೂಕಿನ ಲೈಸೆನ್ಸ್ ಇಟ್ಟುಕೊಂಡ ಹಿರಿಯರು ಹೇಳುತ್ತಾರೆ, ಹೊಸದಾಗಿ ತರಬೇತಿ ಕೊಡುವವರೂ ಹೇಳುತ್ತಾರೆ: ಗುಂಡು ನಳಿಗೆ ಬಿಟ್ಟ ಮೇಲೆ ಮೊದಲು ಮೇಲೇಳುತ್ತೆ, ಆಮೇಲೆ ಇಳಿಯುತ್ತೆ. ಯಾಕೆ ಏಳುತ್ತದೆ ಅಂತ ಕೇಳಿದರೆ ಒಬ್ಬರು ‘ಒಳಗೆ ಸುರುಳಿ ಗೆರೆ ಇದೆಯಲ್ಲ, ತಿರುಗ್ತಾ ಹೋಗೋದರಿಂದ’ ಅನ್ನುತ್ತಾರೆ. ಇನ್ನೊಬ್ಬರು ‘ಗಾಳಿ ಎತ್ತುತ್ತೆ’ ಅನ್ನುತ್ತಾರೆ. ಮತ್ತೊಬ್ಬರು ‘ಬಂದೂಕು ಒದೆಯುತ್ತಲ್ಲ ಸಾರ್’ ಅನ್ನುತ್ತಾರೆ. ಮೂರೂ ತಪ್ಪು. ಸುರುಳಿ ಗೆರೆ ಗುಂಡನ್ನು ಬುಗುರಿಯಂತೆ ತಿರುಗಿಸಿ ಮೂತಿ ಮುಂದೆ ಇರುವಂತೆ ನೋಡಿಕೊಳ್ಳುತ್ತದೆ. ಬುಗುರಿ ಎಷ್ಟು ಜೋರಾಗಿ ತಿರುಗಿದರೂ ನೆಲ ಬಿಟ್ಟು ಹಾರುವುದಿಲ್ಲ. ಗಾಳಿ ಎತ್ತಲು ಪೆಲೆಟ್‌ಗೆ ರೆಕ್ಕೆಯಿಲ್ಲ. ಒದೆತದಿಂದ ನಳಿಗೆಯ ದಿಕ್ಕು ಕೊಂಚ ಬದಲಾಗುವುದು ನಿಜ. ಆದರೆ ಅದು ಪೆಲೆಟ್ ಇನ್ನೂ ಒಳಗಿರುವಾಗ ನಳಿಗೆಗೆ ಆಗುವ ಬದಲಾವಣೆ. ಹೊರಗೆ ಬಂದ ಪೆಲೆಟ್‌ಗೆ ಒದೆತ ಏನೂ ಮಾಡಲಾರದು.

ತೋಟಕ್ಕೆ ನೀರು ಹಾಯಿಸಿದವರು ಯೋಚಿಸಿ. ಪೈಪನ್ನು ನೆಲಕ್ಕೆ ಸಮವಾಗಿ ಹಿಡಿದರೆ ನೀರು ಪೈಪಿನ ಬಾಯಿಗಿಂತ ಮೇಲೆ ಹೋದದ್ದನ್ನು ಕಂಡಿದ್ದೀರಾ? ಬಾಯಿ ಬಿಟ್ಟ ಕ್ಷಣದಿಂದ ಬಾಗುತ್ತದೆ. ದೂರದ ಸಾಲಿಗೆ ನೀರು ಬೀಳಬೇಕಾದರೆ ಪೈಪನ್ನು ಮೇಲಕ್ಕೆತ್ತಿ ಹಿಡಿಯುತ್ತೀರಿ. ಆಗ ನೀರು ಮೇಲೇರಿ ಇಳಿಯುತ್ತದೆ, ಏರಿಸಿದ್ದು ನಿಮ್ಮ ಕೈ. ಆಗಲೂ ಆ ಧಾರೆ ಪೈಪು ತೋರಿಸಿದ ನೇರ ಗೆರೆಗಿಂತ ಒಂದು ಕೂದಲೆಳೆಯಷ್ಟೂ ಮೇಲೆ ಹೋಗುವುದಿಲ್ಲ.

ರೈಫಲ್‌ನಲ್ಲಿ ನಡೆಯುವುದೂ ಇದೇ. ನಿಮ್ಮ ನೋಟದ ಗೆರೆ ಸೈಟುಗಳ ಮೇಲೆ ಹಾದು ಹೋಗುತ್ತದೆ, ನಳಿಗೆ ಅದಕ್ಕಿಂತ ಎರಡೂವರೆ ಸೆಂ.ಮೀ.ನಷ್ಟು ಕೆಳಗಿದೆ. ಪೆಲೆಟ್ ಹೊರಡುವುದೇ ನೋಟದ ಗೆರೆಯ ಕೆಳಗಿನಿಂದ. ಸೆಕೆಂಡಿಗೆ 170 ಮೀಟರ್ ವೇಗದ ಪೆಲೆಟ್ 10 ಮೀಟರ್ ಮುಟ್ಟುವ ಹೊತ್ತಿಗೆ ಹೆಚ್ಚುಕಡಿಮೆ 1.7 ಸೆಂ.ಮೀ. ಇಳಿದಿರುತ್ತದೆ. ಎರಡೂ ಸೇರಿ 4.2 ಸೆಂ.ಮೀ. ಇಷ್ಟನ್ನು ತುಂಬಿಕೊಡಲು ನಳಿಗೆಯ ಮೂತಿ ನೋಟದ ಗೆರೆಯ ಕಡೆಗೆ ಕಾಲು ಡಿಗ್ರಿಯಷ್ಟು ಎತ್ತಿರಬೇಕು. ಸೈಟ್ ಕೂರಿಸುವುದು ಎಂದರೆ ಈ ಕಾಲು ಡಿಗ್ರಿಯನ್ನು ಹುಡುಕುವ ಕೆಲಸ. ಎನ್‌ಸಿಸಿಯ .22 ರೈಫಲ್‌ಗೂ ಲೆಕ್ಕ ಇದೇ. ಸೆಕೆಂಡಿಗೆ 330 ಮೀಟರ್ ಹೋಗುವ ಗುಂಡು 25 ಮೀಟರಿನಲ್ಲಿ ಸುಮಾರು 3 ಸೆಂ.ಮೀ. ಇಳಿದಿರುತ್ತದೆ.

ಈಗ ನಿಮ್ಮ ಹಿತ್ತಲಿಗೆ ಬರೋಣ. ಮೂರು ಮೀಟರಿನಲ್ಲಿ ಪೆಲೆಟ್ ಇಳಿಯುವುದು ಒಂದೂವರೆ ಮಿಲಿಮೀಟರ್ ಮಾತ್ರ, ಆದರೆ ಅದು ನೋಟದ ಗೆರೆಯವರೆಗೆ ಏರಲು ಸಿಕ್ಕಿದ್ದೂ ಮೂರೇ ಮೀಟರ್. ನಡುವಿಗೆ ಬೀಳಿಸಬೇಕೆಂದು ನೀವು ಬ್ಯಾಕ್‌ಸೈಟ್ ಎತ್ತುತ್ತಾ ಹೋದಿರಿ, ಮೂತಿ ಅರ್ಧ ಡಿಗ್ರಿ ಎತ್ತಿಕೊಂಡಿತು. ಅದೇ ಓಟದಲ್ಲಿ ಹತ್ತು ಮೀಟರ್ ಮುಟ್ಟುವಾಗ ಪೆಲೆಟ್ ನಡುವಿಗಿಂತ 4.6 ಸೆಂ.ಮೀ. ಮೇಲಿರುತ್ತದೆ. ಸ್ಪರ್ಧೆಯ ಕಾರ್ಡ್ 80 ಮಿ.ಮೀ. ಚೌಕ, ನಡುವಿನಿಂದ ಅಂಚಿಗೆ 4 ಸೆಂ.ಮೀ. ಕಾರ್ಡಿಗೆ ತಾಗದ್ದು ಅದಕ್ಕೇ! ಪೆಲೆಟ್ ತಾನಾಗಿ ಎದ್ದಿಲ್ಲ, ನೀವೇ ಸ್ಕ್ರೂ ತಿರುಗಿಸಿ ಎಬ್ಬಿಸಿದ್ದೀರಿ.

ಮಾತಿನಲ್ಲಿ ನಂಬದವರಿಗೆ ನಾವು ಗುರಿ ಹೊಡೆಯುವ ಶೆಡ್ಡಿನಲ್ಲಿ ಮಾಡಿ ತೋರಿಸುತ್ತೇನೆ. ಬಡಗಿಯ ಇಕ್ಕಳದಲ್ಲಿ ಬಟ್ಟೆ ಸುತ್ತಿ ರೈಫಲ್ ಬಿಗಿದು, ರಸಮಟ್ಟ ಇಟ್ಟು ನಳಿಗೆಯನ್ನು ಸಮ ಮಾಡುತ್ತೇವೆ. ಗಾರೆಯವರು ಮಟ್ಟ ನೋಡುವ ನೀರಿನ ಪೈಪಿನಿಂದ ನಳಿಗೆಯ ನಡುವಿನ ಎತ್ತರವನ್ನು 2, 5 ಮತ್ತು 10 ಮೀಟರಿನ ಕಾಗದಗಳಿಗೆ ಗುರುತು ಹಾಕುತ್ತೇವೆ. ಲೆಕ್ಕದ ಪ್ರಕಾರ ಇಳಿತ ಮೊದಲನೆಯದರಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ, ಎರಡನೆಯದರಲ್ಲಿ 4, ಮೂರನೆಯದರಲ್ಲಿ 17. ತೂತು ಬೀಳುವುದೂ ಅಲ್ಲಲ್ಲೇ. ಗುರುತಿಗಿಂತ ಮೇಲೆ ಒಂದು ತೂತೂ ಬಿದ್ದಿಲ್ಲ. ಕಳೆದ ಸಲ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಪೆಲೆಟ್ ಹೊಡೆಯುವ ಮೊದಲೇ ಮೂರೂ ಕಾಗದದ ಮೇಲೆ ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟು, ‘ಇಲ್ಲೇ ಬೀಳುತ್ತೆ ಸಾರ್’ ಅಂದಳು. ಅಲ್ಲೇ ಬಿತ್ತು. ಆ ಕಾಗದಗಳನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದೇನೆ. ಭೌತಶಾಸ್ತ್ರದ ಮೇಷ್ಟ್ರಾಗಿದ್ದ, ಏನನ್ನೂ ಪರೀಕ್ಷಿಸದೆ ಒಪ್ಪದ ಎಚ್. ನರಸಿಂಹಯ್ಯನವರು ನಮ್ಮದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ಊರಿನ ಕಡೆಯ ಮಕ್ಕಳು ಹೀಗೆ ಅಳೆದು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲದಿದ್ದರೂ ಹೇಳುತ್ತೇನೆ. ಸೈಟ್ ಕೂರಿಸಿದ್ದು ನೀವು, ಹೊಡೆಯುವವಳು ಮಗಳು. ಅವಳ ಕೆನ್ನೆ ಕೂರುವ ಜಾಗ ಬೇರೆ, ಕಣ್ಣು ಬೇರೆ. ಅವಳದನ್ನು ಅವಳೇ ಕೂರಿಸಿಕೊಳ್ಳಲಿ. ಸೈಟಿನ ಸ್ಕ್ರೂ ಎಷ್ಟು ಕ್ಲಿಕ್ ತಿರುಗಿಸಿದಳು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಲಿ.

ಇನ್ನು ನಿಮ್ಮ ಕಣ್ಣು. ನಲವತ್ತು ದಾಟಿದ ಅಪ್ಪಂದಿರು ನಮ್ಮಲ್ಲಿಗೆ ಬಂದು ರೈಫಲ್ ಎತ್ತಿದ ಕೂಡಲೇ ‘ಫೋರ್‌ಸೈಟ್ ಮಸುಕು, ಸೈಟ್ ಸರಿಯಿಲ್ಲ’ ಅನ್ನುತ್ತಾರೆ. ಸೈಟಿನದು ಏನೂ ಇಲ್ಲ, ಅದು ಚಾಳೀಸು. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಚೂಪಾಗಿ ನೋಡಬಲ್ಲದು. ಬ್ಯಾಕ್‌ಸೈಟ್, ಫೋರ್‌ಸೈಟ್, ಕಾರ್ಡ್ ಮೂರರಲ್ಲಿ ಚೂಪಾಗಿ ಕಾಣಬೇಕಾದ್ದು ಫೋರ್‌ಸೈಟ್. ಕಾರ್ಡಿನ ಕಪ್ಪು ಚುಕ್ಕಿ ಮಸುಕಾಗಿದ್ದರೆ ತೊಂದರೆಯಿಲ್ಲ. ಕಣ್ಣು ಕಾರ್ಡಿನ ಮೇಲೆ ನೆಟ್ಟರೆ ಫೋರ್‌ಸೈಟ್ ಎತ್ತ ಜಾರಿತೆಂದು ಗೊತ್ತೇ ಆಗುವುದಿಲ್ಲ. ಎರಡು ಸೈಟಿನ ನಡುವೆ ಒಂದು ಮಿಲಿಮೀಟರ್ ಜಾರಿದರೆ 10 ಮೀಟರಿನಲ್ಲಿ ಎರಡು ಸೆಂ.ಮೀ. ಮೀರಿ ತಪ್ಪುತ್ತದೆ. ಬಿಸಿಲಿಗೆ ಫೋರ್‌ಸೈಟ್ ಹೊಳೆಯುತ್ತಿದ್ದರೆ ಎಣ್ಣೆದೀಪದ ಮಸಿ ಹಿಡಿಸಿ.

ಪೇಪರ್ ಓದುವ ಕನ್ನಡಕ ಇಲ್ಲಿ ನಡೆಯುವುದಿಲ್ಲ. ಅದು ಮೊಣಕೈ ಮಡಿಸಿ ಹಿಡಿದ ಪುಸ್ತಕದ ದೂರಕ್ಕೆ ಮಾಡಿದ್ದು, ಫೋರ್‌ಸೈಟ್ ಅದರ ಎರಡರಷ್ಟು ದೂರದಲ್ಲಿದೆ. ಬೈಫೋಕಲ್ ಇನ್ನೂ ಕಷ್ಟ. ತಲೆ ಬಗ್ಗಿಸಿದಾಗ ಗಾಜಿನ ಮೂಲೆಯಿಂದ ನೋಡುತ್ತೀರಿ, ನೋಟವೇ ಪಕ್ಕಕ್ಕೆ ಸರಿಯುತ್ತದೆ. ದೂರದ ನಂಬರಿಗೆ ಅರ್ಧ ಪಾಯಿಂಟ್ ಪ್ಲಸ್ ಸೇರಿಸಿದ ಒಂದೇ ನಂಬರಿನ ಗಾಜು ಬಹಳ ಜನಕ್ಕೆ ಹೊಂದುತ್ತದೆ. ಯಾವ ಕನ್ನಡಕದಲ್ಲಿ ಹೊಡೆಯುತ್ತೀರೋ ಅದನ್ನೇ ಹಾಕಿಕೊಂಡು ಸೈಟ್ ಕೂರಿಸಿ. ಇನ್ನೊಂದು ಕಣ್ಣನ್ನು ಹಿಂಡಿ ಮುಚ್ಚಬೇಡಿ, ಅದರ ಮುಂದೆ ಚಿಕ್ಕ ಕಾಗದದ ಮರೆ ಸಾಕು. ಸ್ಪರ್ಧೆಯಲ್ಲೂ 30 ಮಿ.ಮೀ. ಅಗಲದವರೆಗೆ ಮರೆ ಕಟ್ಟಲು ಅವಕಾಶವಿದೆ.

ಕನ್ನಡಕದ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಖಾಲಿ ರೈಫಲ್ ಕೆನ್ನೆಗಿಟ್ಟುಕೊಳ್ಳಿ. ನಿಮ್ಮ ಕಣ್ಣಿನಿಂದ ಫೋರ್‌ಸೈಟ್‌ವರೆಗೆ ಮಗಳು ಒಂದು ದಾರ ಹಿಡಿದು ಅಳೆಯಲಿ. ರೈಫಲ್ ಮನೆಯಲ್ಲೇ ಇರಲಿ, ಆ ದಾರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ‘ಇಷ್ಟು ದೂರದ್ದು ಚೂಪಾಗಿ ಕಾಣಬೇಕು’ ಅಂತ ತೋರಿಸಿ.