ಬೋರಿನ ಆಳ, ಅಡುಗೆಯ ಎಸರು: ಬಯಲುಸೀಮೆಯ ಫ್ಲೋರೈಡ್ ಬಂದ ದಾರಿ

ಗೌರಿಬಿದನೂರು, ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆ ಹಳ್ಳಿಮನೆಯ ಅಡುಗೆಮನೆಗೆ ಹೋದರೆ ಸಾಮಾನ್ಯವಾಗಿ ಎರಡು ಬಗೆಯ ನೀರು ಇರುತ್ತದೆ. ಮೂಲೆಯಲ್ಲಿ ಶುದ್ಧ ನೀರಿನ ಘಟಕದಿಂದ ಕಾಯಿನ್ ಹಾಕಿ ತಂದ 20 ಲೀಟರಿನ ಕ್ಯಾನು. ಅದು ಕುಡಿಯೋಕೆ. ಒಲೆಯ ಪಕ್ಕದ ಬಿಂದಿಗೆಯಲ್ಲಿ ನಲ್ಲಿಯ ಬೋರ್ ನೀರು. ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು, ಅನ್ನ ಮಾಡುವುದು ಎಲ್ಲ ಅದರಲ್ಲೇ. ಕೇಳಿದರೆ ಉತ್ತರ ಸಿದ್ಧ: "ಹೆಂಗೂ ಕುದಿಯುತ್ತಲ್ಲ." ಕುದಿಸಿದರೆ ಕಾಲರಾ, ಆಮಶಂಕೆಯ ಕ್ರಿಮಿ ಸಾಯುತ್ತದೆ. ಆದರೆ ಆ ಬೋರ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇರಬಹುದು. ಅದು ಕ್ರಿಮಿಯಲ್ಲ, ಲವಣ. ನೀರು ಆವಿಯಾದಷ್ಟೂ ಅದು ಪಾತ್ರೆಯಲ್ಲೇ ಉಳಿದು ಗಟ್ಟಿಯಾಗುತ್ತದೆ. ನಮ್ಮ ಬಸ್ಸಾರು, ಉಪ್ಸಾರಿನ ಪದ್ಧತಿಯಲ್ಲಂತೂ ಬೇಯಿಸಿದ ನೀರನ್ನು ಚೆಲ್ಲುವುದೇ ಇಲ್ಲ.

ಈ ಎರಡು ನೀರಿನ ವ್ಯವಸ್ಥೆ ಹೇಗೆ ಬಂತು ಅನ್ನುವುದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ. ವಿಚಿತ್ರವೆಂದರೆ ಅದು ಶುರುವಾಗುವುದೇ ಒಂದು ಆರೋಗ್ಯ ಯೋಜನೆಯಿಂದ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಈ ಮೂರು ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ, ಜಯಮಂಗಲಿ ಎಲ್ಲ ಮಳೆ ಬಂದಾಗ ಮಾತ್ರ ಹೊಳೆ. ಹಾಗಾಗಿ ಹಿಂದಿನವರು ಕೆರೆ ಕಟ್ಟಿದರು. ತೂಬು ತೆಗೆದು ಮುಚ್ಚಲು ನೀರುಗಂಟಿ ಇದ್ದ. ಕೆರೆಯ ಹಿಂದಿನ ತೆರೆದ ಬಾವಿಗಳಿಗೆ ಬಸಿ ನೀರು ಬರುತ್ತಿತ್ತು, ಕಪಿಲೆ ಕಟ್ಟಿ ಎತ್ತುತ್ತಿದ್ದರು. ಆ ನೀರು ಬಹುಪಾಲು ಹಿಂದಿನ ವರ್ಷ-ಎರಡು ವರ್ಷದ ಮಳೆಯದು. ಬಂಡೆಯ ಜೊತೆ ಅದಕ್ಕೆ ಹೆಚ್ಚು ಸಹವಾಸವಿರಲಿಲ್ಲ.

ಆದರೆ ಆ ನೀರೇನೂ ಅಮೃತವಾಗಿರಲಿಲ್ಲ. ಮೆಟ್ಟಿಲುಬಾವಿ, ಕಟ್ಟೆಗಳ ನೀರಿನಿಂದ ಕಾಲರಾ ಹರಡುತ್ತಿತ್ತು, ನಾರು ಹುಣ್ಣು (ಗಿನಿ ಹುಳುವಿನ ರೋಗ) ಆಗುತ್ತಿತ್ತು. 1966-67ರ ಬರದ ನಂತರ ಯುನಿಸೆಫ್ ನೆರವಿನಿಂದ ಗಟ್ಟಿ ಬಂಡೆ ಕೊರೆಯುವ ರಿಗ್‌ಗಳು ದೇಶಕ್ಕೆ ಬಂದವು. 1970ರ ದಶಕದಲ್ಲಿ ಇಂಡಿಯಾ ಮಾರ್ಕ್-2 ಕೈಪಂಪು ರೂಪುಗೊಂಡಿತು, ಮುಂದಿನ ದಶಕದಲ್ಲಿ ಊರೂರಿಗೂ 'ಬೋರಿಂಗು' ಬಂತು. ಬೋರು ತನ್ನ ಕೆಲಸ ಮಾಡಿತು ಅನ್ನುವುದನ್ನು ಮರೆಯಬಾರದು. ಭಾರತದಲ್ಲಿ ನಾರು ಹುಣ್ಣಿನ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ಮುಚ್ಚಿದ ನೀರು ಅಂದರೆ ಶುದ್ಧ ನೀರು ಎಂಬ ನಂಬಿಕೆ ಜನರಲ್ಲೂ ಅಧಿಕಾರಿಗಳಲ್ಲೂ ಬೇರೂರಿದ್ದು ಆಗಲೇ.

ಹಾಗಂತ ಫ್ಲೋರೈಡ್ ಆಗ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಮಕ್ಕಳ ಹಲ್ಲಿನ ಕಂದು ಕಲೆಯ ಹಿಂದೆ ದಂತವೈದ್ಯ ಫ್ರೆಡರಿಕ್ ಮೆಕೇ ಬಿದ್ದದ್ದು 1901ರಲ್ಲಿ. ಅದಕ್ಕೆ ನೀರಿನ ಫ್ಲೋರೈಡ್ ಕಾರಣವೆಂದು ರಸಾಯನಶಾಸ್ತ್ರಜ್ಞ ಚರ್ಚಿಲ್ ಕಂಡುಹಿಡಿದದ್ದು 1931ರಲ್ಲಿ. ನಮ್ಮ ಪಕ್ಕದಲ್ಲೇ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಸೀಮೆಯಲ್ಲಿ, ಬೆನ್ನುಮೂಳೆ ಗಟ್ಟಿಯಾಗಿ ಬಗ್ಗಲಾರದ ಜನರನ್ನು ಪರೀಕ್ಷಿಸಿ 1937ರಲ್ಲೇ ವೈದ್ಯರು ವರದಿ ಪ್ರಕಟಿಸಿದ್ದರು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಎಳೆಯರಲ್ಲಿ ಮೊಣಕಾಲು ಒಳಕ್ಕೆ ಬಾಗುವುದನ್ನು ದಾಖಲಿಸಿದರು. 1986ರಲ್ಲಿ ಶುರುವಾದ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್‌ನಲ್ಲಿ ಫ್ಲೋರೋಸಿಸ್‌ಗೆಂದೇ (ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ರೋಗ) ಒಂದು ಭಾಗವಿತ್ತು. ಗೊತ್ತಿತ್ತು. ಆದರೂ ರಿಗ್ ಲಾರಿಗೆ ಸಿಕ್ಕ ಸೂಚನೆ ಒಂದೇ: ನೀರು ಬರಬೇಕು.

ನೀರು ಬರಲು ಆಳಕ್ಕೆ ಹೋಗಬೇಕಾಯಿತು. ಕೈಪಂಪಿನ ಕಾಲದಲ್ಲಿ 150-200 ಅಡಿಗೆ ಸಿಗುತ್ತಿದ್ದ ನೀರಿಗೆ ಈಗ 1,000 ಅಡಿ ದಾಟಬೇಕು, 1,500 ಅಡಿಗೂ ಧೂಳೇ ಬರುವ ಊರುಗಳಿವೆ. ನಮ್ಮ ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಯಲ್ಲಿ ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಿವೆ. ಫ್ಲೋರೈಡ್ ಇರುವುದು ಇವುಗಳಲ್ಲಿ. ಬಿರುಕುಗಳಲ್ಲಿ ನೂರಾರು ವರ್ಷ ನಿಂತ ನೀರು ಅದನ್ನು ನಿಧಾನವಾಗಿ ಕರಗಿಸಿಕೊಂಡಿರುತ್ತದೆ. ಇಲ್ಲಿ ಕ್ಯಾಲ್ಸಿಯಂ ಕಾವಲುಗಾರನಿದ್ದ ಹಾಗೆ. ನೀರಿನಲ್ಲಿ ಅದು ಸಾಕಷ್ಟಿದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಆಳದ ನೀರಿನಲ್ಲಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದರೆ ತಡೆಯುವವರೇ ಇಲ್ಲ. ಆದ್ದರಿಂದಲೇ ಸೋಪು ಚೆನ್ನಾಗಿ ನೊರೆ ಬರುವ, ಬಾಯಿಗೆ ಹಿತವಾದ ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು. ಅದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಆಳವಾದ ಪ್ರತಿ ಬೋರೂ ಕೆಟ್ಟದ್ದು ಎಂದೂ ಹೇಳಲಾಗದು. ಒಂದೇ ಬೀದಿಯ ಎರಡು ಬೋರುಗಳಲ್ಲಿ ಅಂಕಿ ಬೇರೆಬೇರೆ ಬರುವುದುಂಟು.

ಎಷ್ಟಿದ್ದರೆ ಸರಿ? ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಬಹಳ ಜನ ಎರಡನೆಯ ಅಂಕಿಯನ್ನೇ ಮಿತಿ ಎಂದುಕೊಂಡಿದ್ದಾರೆ. ಬಿಸಿಲಿನ ಲೆಕ್ಕವೂ ಇದೆ. 1962ರ ಅಮೆರಿಕದ ಮಾನದಂಡದಲ್ಲೇ ಸೆಖೆ ಹೆಚ್ಚಾದಷ್ಟೂ ಫ್ಲೋರೈಡ್ ಮಿತಿ ಇಳಿಯಬೇಕು ಎಂದಿತ್ತು, ಜನ ಹೆಚ್ಚು ನೀರು ಕುಡಿಯುತ್ತಾರೆಂಬ ಕಾರಣಕ್ಕೆ. ಏಪ್ರಿಲ್ ಬಿಸಿಲಲ್ಲಿ ಟೊಮೆಟೊ ತೋಟದಲ್ಲಿ ದಿನಕ್ಕೆ 4-5 ಲೀಟರ್ ಕುಡಿಯುವ ಆಳಿಗೂ ಫ್ಯಾನಿನಡಿ ಕೂತು 2 ಲೀಟರ್ ಕುಡಿಯುವವರಿಗೂ 1.5 ಅನ್ನುವುದು ಒಂದೇ ಅಲ್ಲ.

ಈಗ ಅಡುಗೆಯ ಲೆಕ್ಕ ಹಾಕೋಣ. ನಾಲ್ವರ ಮನೆಯಲ್ಲಿ ಮುದ್ದೆಯ ಎಸರು, ಅನ್ನ, ಸಾರು, ಕಾಫಿ ಸೇರಿ ದಿನಕ್ಕೆ 4ರಿಂದ 5 ಲೀಟರ್ ನೀರು ಹೊಟ್ಟೆ ಸೇರುತ್ತದೆ. ಬೋರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ತಲೆಗೆ 3ರಿಂದ 4 ಮಿಲಿಗ್ರಾಂ, ಅಡುಗೆಯೊಂದರಿಂದಲೇ. ಮಾನಕಕ್ಕೆ ಸರಿಯಾದ ನೀರನ್ನು 3 ಲೀಟರ್ ಕುಡಿದರೂ ಬರುವುದು 3 ಮಿಲಿಗ್ರಾಂ. 4ರಿಂದ 8 ವರ್ಷದ ಮಗುವಿಗೆ ದಿನಕ್ಕೆ 2.2 ಮಿಲಿಗ್ರಾಂ ದಾಟಬಾರದೆಂದು ಅಮೆರಿಕದ ಪೋಷಣಾ ತಜ್ಞರು ಹಾಕಿದ ಗೆರೆಯಿದೆ. ದೊಡ್ಡವರ ಅರ್ಧದಷ್ಟು ಉಣ್ಣುವ ಮಗು ಊಟದಲ್ಲೇ ಅದರ ಹತ್ತಿರಕ್ಕೆ ಬಂದಿರುತ್ತದೆ. ಕ್ಯಾನಿನ ನೀರು ಮಾಡಿದ ಉಪಕಾರದ ಒಂದು ಪಾಲನ್ನು ಎಸರಿನ ಪಾತ್ರೆ ಹೀಗೆ ತಿಂದುಹಾಕುತ್ತದೆ.

ಮೊದಲು ಗುರುತು ಹೇಳುವುದು ಹಲ್ಲು. ಶಾಶ್ವತ ಹಲ್ಲಿನ ಎನಾಮೆಲ್ ಒಸಡಿನೊಳಗೆ ತಯಾರಾಗುವಾಗ ಫ್ಲೋರೈಡ್ ಹೆಚ್ಚಾದರೆ ಸುಣ್ಣದಂಥ ಬಿಳಿ ಗೆರೆ, ಹಳದಿ, ಕಂದು ಪಟ್ಟಿಗಳಾಗುತ್ತವೆ. ಮುಂದಿನ ಹಲ್ಲುಗಳ ಕೆಲಸ ಹೆಚ್ಚುಕಡಿಮೆ ಮೊದಲ ನಾಲ್ಕು ವರ್ಷದಲ್ಲಿ ಮುಗಿದಿರುತ್ತದೆ. ಅಂದರೆ 7 ವರ್ಷದ ಹುಡುಗಿಯ ಬಾಯಲ್ಲಿ ಕಾಣುವುದು ಅವಳು ಎಳೆಗೂಸಾಗಿದ್ದಾಗ ಮನೆಯಲ್ಲಿದ್ದ ನೀರು. ಇವತ್ತು ನೀರು ಬದಲಿಸಿದರೆ ಫಲ ಕಾಣುವುದು ಐದಾರು ವರ್ಷದ ನಂತರ ಬರುವ ಹಲ್ಲುಗಳಲ್ಲಿ. ಎಲೆಅಡಿಕೆ, ತಂಬಾಕಿನ ಕರೆಗೂ ಇದಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟವಲ್ಲ. ಫ್ಲೋರೈಡಿನ ಗೆರೆ ಅಡ್ಡಡ್ಡ ಇರುತ್ತದೆ, ಎಡ-ಬಲದ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಕಾಣುತ್ತದೆ, ಒಸಡಿನ ಅಂಚಿಗೆ ಅಂಟಿರುವುದಿಲ್ಲ. ಅದು ಹಲ್ಲಿನ ಮೈಯೊಳಗೇ ಇರುವುದರಿಂದ ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಹಾಕಿ ಉಜ್ಜಿದರೆ ಎನಾಮೆಲ್ ಸವೆಯುತ್ತದೆಯೇ ಹೊರತು ಕಲೆ ಹೋಗುವುದಿಲ್ಲ.

ಮೂಳೆಯದು ನಿಧಾನದ ಕಥೆ. ಕತ್ತು, ಸೊಂಟ ಬಿಗಿಯುತ್ತದೆ, ಕೀಲು ನೋಯುತ್ತದೆ. 'ವಾಯು' ಎಂದು ಎಣ್ಣೆ ತಿಕ್ಕಿಸಿಕೊಂಡು, ಅಂಗಡಿಯ ನೋವಿನ ಮಾತ್ರೆ ನುಂಗಿ ವರ್ಷಗಳು ಕಳೆಯುತ್ತವೆ. ಅಪಾಯ ಇಲ್ಲೇ ಇರುವುದು. ದೇಹಕ್ಕೆ ಸೇರಿದ ಫ್ಲೋರೈಡನ್ನು ಹೊರಹಾಕುವುದು ಮುಖ್ಯವಾಗಿ ಮೂತ್ರಪಿಂಡ. ನೋವಿನ ಮಾತ್ರೆಯ ಅತಿಬಳಕೆಯಿಂದ ಕಿಡ್ನಿ ಸೋತರೆ ಫ್ಲೋರೈಡ್ ಮೂಳೆಯಲ್ಲಿ ಇನ್ನಷ್ಟು ಕೂರುತ್ತದೆ, ನೋವು ಹೆಚ್ಚುತ್ತದೆ, ಮಾತ್ರೆಯೂ ಹೆಚ್ಚುತ್ತದೆ. 2008-09ರಲ್ಲಿ ಶುರುವಾದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದಲ್ಲಿ ಬಳಸುವ ಮೂರು ಸರಳ ಪರೀಕ್ಷೆಗಳನ್ನು ಮನೆಯಲ್ಲೇ ಮಾಡಬಹುದು: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಯನ್ನು ಪಕ್ಕಕ್ಕೆ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದರೆ ಫ್ಲೋರೋಸಿಸ್ ಎಂದೇ ಅರ್ಥವಲ್ಲ, ವಯಸ್ಸು, ಸಂಧಿವಾತದಿಂದಲೂ ಆಗದಿರಬಹುದು. ಆದರೆ ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಆಗದಿದ್ದರೆ ವೈದ್ಯರ ಹತ್ತಿರ ಹೋಗಿ ನೀರಿನ ವಿಷಯ ಬಾಯಿಬಿಟ್ಟು ಹೇಳಬೇಕು. ಮುಂಗೈ ಎಕ್ಸ್-ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾದದ್ದು ಕಾಣುತ್ತದೆ, ಮೂತ್ರದ ಫ್ಲೋರೈಡ್ ಪರೀಕ್ಷೆಯೂ ಇದೆ. ಕೂತ ಫ್ಲೋರೈಡನ್ನು ತೆಗೆಯುವ ಔಷಧ ಇಲ್ಲ. ನೀರು ಬದಲಿಸುವುದೇ ಚಿಕಿತ್ಸೆ, ಜೊತೆಗೆ ಕ್ಯಾಲ್ಸಿಯಂ ಮತ್ತು ಸಿ ವಿಟಮಿನ್: ಹಾಲು, ಎಳ್ಳು, ನುಗ್ಗೆಸೊಪ್ಪು, ನೆಲ್ಲಿ, ಸೀಬೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಳಗಿನ ಹಾಲನ್ನೆಲ್ಲ ಡೇರಿಗೆ ಅಳೆದು ಮಕ್ಕಳಿಗೆ ಕಪ್ಪು ಟೀ ಕೊಡುವುದು ಎರಡು ಬಗೆಯ ನಷ್ಟ, ಏಕೆಂದರೆ ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತದೆ.

ನೀರಿನಿಂದ ಅದನ್ನು ತೆಗೆಯುವ ಮೊದಲ ದೊಡ್ಡ ದೇಶೀ ಪ್ರಯತ್ನ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ (ನೀರಿ) ನಲ್ಗೊಂಡ ವಿಧಾನ. ನೀರಿಗೆ ಸುಣ್ಣ ಮತ್ತು ಪಟಿಕ ಹಾಕಿ, 10-20 ನಿಮಿಷ ನಿಧಾನವಾಗಿ ತಿರುಗಿಸಿ, ಒಂದು ಗಂಟೆ ಬಿಟ್ಟು, ತಳದಿಂದ ನಾಲ್ಕು ಬೆರಳು ಮೇಲಿನ ನಲ್ಲಿಯಿಂದ ತಿಳಿನೀರು ಹಿಡಿಯುವುದು. ಕಾಗದದ ಮೇಲೆ ಚೆಂದ. ಪಟಿಕದ ಪ್ರಮಾಣ ಫ್ಲೋರೈಡ್ ಜೊತೆ ನೀರಿನ ಕ್ಷಾರತೆಯ ಮೇಲೂ ನಿಂತಿದೆ, ಲೀಟರಿಗೆ ನೂರಾರು ಮಿಲಿಗ್ರಾಂ ಬೇಕು. ಕಡಿಮೆಯಾದರೆ ಫ್ಲೋರೈಡ್ ಹೋಗದು, ಲೆಕ್ಕ ತಪ್ಪಿದರೆ ನೀರು ಒಗರು, ಅಲ್ಯೂಮಿನಿಯಂ ಉಳಿಯುತ್ತದೆ. ದಿನಾ ಇದನ್ನು ತೂಗಿ ಹಾಕುವವರು ಯಾರು? ಕೆಸರು ನೀರಿಗೆ ಪಟಿಕದ ಗಡ್ಡೆ ನಾಲ್ಕು ಸುತ್ತು ತಿರುಗಿಸುವ ಹಳೆಯ ರೂಢಿಯಿಂದ ಫ್ಲೋರೈಡಿಗೆ ಏನೂ ಆಗುವುದಿಲ್ಲ. ಆಮೇಲೆ ಬಂದ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಒಳ್ಳೆಯದೇ. ಆದರೆ ಅದರ ಕಾಳುಗಳು ತುಂಬಿದ ಮೇಲೆ ಕಾಸ್ಟಿಕ್ ಸೋಡಾ ಮತ್ತು ಆಮ್ಲದಿಂದ ತೊಳೆಯಬೇಕು. ತೊಳೆಯದಿದ್ದರೆ ನೀರು ಬರುತ್ತಲೇ ಇರುತ್ತದೆ, ಫ್ಲೋರೈಡ್ ಸಮೇತ.

ಈಗಿರುವುದು ಆರ್‌ಒ ಘಟಕ. ಅದು ಒತ್ತಡ ಹಾಕಿ ನೀರನ್ನು ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯಲ್ಲಿ ಸೋಸುತ್ತದೆ. ಸುಸ್ಥಿತಿಯ ಮೆಂಬ್ರೇನ್ ಫ್ಲೋರೈಡಿನ 90 ಶೇಕಡಕ್ಕಿಂತ ಹೆಚ್ಚು ತಡೆಯುತ್ತದೆ. ಕೆಡುವುದು ಮೆಂಬ್ರೇನ್ ಒಂದೇ ಅಲ್ಲ. ನೀರು ಸಪ್ಪೆ ಎಂದು ಜನ ದೂರಿದಾಗ ಬೈಪಾಸ್ ವಾಲ್ವ್ ತಿರುಗಿಸಿ ಹಸಿ ನೀರು ಬೆರೆಸುವುದುಂಟು. 3 ಮಿಲಿಗ್ರಾಂ ಇರುವ ಬೋರಿನ ನೀರನ್ನು ಕಾಲು ಭಾಗ ಬೆರೆಸಿದರೆ ಮಿತಿಯೊಳಗೇ ಇರುತ್ತದೆ, ಅರ್ಧ ಬೆರೆಸಿದರೆ 1.5 ದಾಟಿತು. ಟಿಡಿಎಸ್ ಮೀಟರ್ ಅದ್ದಿ "ನೋಡಿ, ಎಷ್ಟು ಕಮ್ಮಿ" ಎನ್ನುವುದನ್ನು ನಂಬಬೇಡಿ. ಅದು ಒಟ್ಟು ಲವಣವನ್ನು ಅಂದಾಜಿಸುತ್ತದೆ, ಫ್ಲೋರೈಡನ್ನು ಅಳೆಯುವುದೇ ಇಲ್ಲ. ಇನ್ನು ಘಟಕ ಹೊರಗೆ ಬಿಡುವ ನೀರು: ಅರ್ಧ ಶುದ್ಧವಾಗಿ ಬಂದರೆ ಉಳಿದರ್ಧದಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಎರಡರಷ್ಟು. ಅದನ್ನು ದನದ ತೊಟ್ಟಿಗೆ ತಿರುಗಿಸಿದ ಊರುಗಳಲ್ಲಿ ಹಸುವಿನ ಹಲ್ಲು ಸವೆದು, ಕಾಲು ಕುಂಟಿದರೆ ಆಶ್ಚರ್ಯಪಡಬೇಕಿಲ್ಲ.

ಬೇರೆಡೆಯಿಂದ ನೀರು ತರುವ ಯೋಜನೆಗಳೂ ಇದೇ ಚರಿತ್ರೆಯ ಭಾಗ. 2018ರಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬಂತು. ಅದು ಅಂತರ್ಜಲ ತುಂಬಲು, ನೇರ ಕುಡಿಯಲು ಅಲ್ಲ. ಬಂಡೆಯ ಬಿರುಕಿಗೆ ಹೊಸ ನೀರು ಇಳಿದರೆ ಫ್ಲೋರೈಡ್ ತೆಳುವಾಗುತ್ತದೆ, ಆದರೆ ಎಲ್ಲ ಬೋರಿನಲ್ಲೂ ಒಂದೇ ಸಮ ಅಲ್ಲ. ಪಶ್ಚಿಮಘಟ್ಟದ ಹೊಳೆಗಳ ನೀರನ್ನು ಈ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಅದರ ದಾರಿ ಕಾಯುತ್ತ ಕೂರುವ ಬದಲು ತಲೆಯ ಮೇಲಿನ ತಾರಸಿ ನೋಡುವುದು ಮೇಲು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 50 ಚದರ ಮೀಟರ್ ತಾರಸಿಗೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದು, ಐದರಲ್ಲಿ ಒಂದು ಪಾಲು ಪೋಲಾದರೂ 28,000 ಲೀಟರ್ ಸಿಗುತ್ತದೆ. ಐವರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರಿನಂತೆ ವರ್ಷಕ್ಕೆ 18,250 ಲೀಟರ್ ಸಾಕು. ಪ್ರತಿ ಮಳೆಯ ಮೊದಲ 100 ಲೀಟರ್ ಹೊರಗೆ ಬಿಡಬೇಕು, ಸಂಪಿಗೆ ಬೆಳಕು ಬೀಳಬಾರದು, ಕುಡಿಯುವ ಮುನ್ನ ಕುದಿಸಬೇಕು. ಕುದಿಸುವುದಕ್ಕೆ ಅರ್ಥವಿರುವುದು ಈ ನೀರಿಗೆ.

ಸಂಪು ಕಟ್ಟುವ ತನಕ ಮಾಡಬಹುದಾದದ್ದು, ಕ್ಯಾನಿನ ನೀರನ್ನು ಎಸರಿಗೂ ಸಾರಿಗೂ ಬಳಸಿ ಬೋರ್ ನೀರನ್ನು ಸ್ನಾನ, ಪಾತ್ರೆ, ಬಟ್ಟೆಗೆ ಬಿಡುವುದು. ಫ್ಲೋರೈಡ್ ಚರ್ಮದ ಮೂಲಕ ಹೋಗುವುದಿಲ್ಲ. ಕುಡಿಯೋಕೂ ಅಡುಗೆಗೂ ಸಾಕಾಗುವಷ್ಟು ಕ್ಯಾನಿನ ನೀರಿಗೆ ಹಣ, ಹೊರೆ ಹೊಂದಿಸಲಾಗದ ಮನೆಯಲ್ಲಿ ಅದರ ಮೊದಲ ಪಾಲು 8 ವರ್ಷದೊಳಗಿನ ಮಕ್ಕಳಿಗೆ, ಬಸುರಿ-ಬಾಣಂತಿಯರಿಗೆ, ಕಿಡ್ನಿ ತೊಂದರೆ ಇರುವವರಿಗೆ. ಕೂಸಿಗೆ ಎದೆಹಾಲು ಸಾಕಾಗುವಷ್ಟು ದಿನ ಈ ಚಿಂತೆಯಿಲ್ಲ, ಅದರಲ್ಲಿ ಫ್ಲೋರೈಡ್ ತೀರ ಕಡಿಮೆ. ಡಬ್ಬಿ ಹಾಲಿನ ಪುಡಿಯನ್ನು ಬೋರ್ ನೀರಲ್ಲಿ ಕದಡಬಾರದು.

ಪರೀಕ್ಷೆಗೆ ನೀರು ಕೊಡುವಾಗ ಗಾಜಿನ ಬಾಟಲಿ ಬೇಡ, ಗಾಜಿಗೂ ಫ್ಲೋರೈಡಿಗೂ ಆಗಿಬರದು. ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಮೋಟಾರು ಐದತ್ತು ನಿಮಿಷ ಓಡಿದ ಮೇಲೆ ತುಂಬಿಸಿ. ಜಲಜೀವನ್ ಮಿಷನ್‌ನಡಿ ಹಳ್ಳಿಯ ಮಹಿಳೆಯರಿಗೆ ಕೊಟ್ಟಿರುವ ಕಿಟ್ ಅಂದಾಜಿಗೆ ಸಾಕು. ಫಲಿತಾಂಶ 1ರ ಆಸುಪಾಸಿನಲ್ಲಿದ್ದರೆ ಜಿಲ್ಲಾ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ನೋಡಿಸಿ. ಶುದ್ಧ ನೀರಿನ ಘಟಕದ ಒಳಬರುವ ನೀರನ್ನೂ ಹೊರಬರುವ ನೀರನ್ನೂ ಬೇರೆಬೇರೆ ಬಾಟಲಿಯಲ್ಲಿ ಹಿಡಿದು, ದಿನಾಂಕ ಬರೆದು ಕೊಡಿ. ಒಮ್ಮೆ ಏಪ್ರಿಲ್‌ನಲ್ಲಿ, ಇನ್ನೊಮ್ಮೆ ನವೆಂಬರ್‌ನಲ್ಲಿ. ಬೇಸಿಗೆಯ ಅಂಕಿಯೂ ಮಳೆ ಮುಗಿದ ಮೇಲಿನ ಅಂಕಿಯೂ ಒಂದೇ ಇರುವುದಿಲ್ಲ.