ಕ್ರೋಕೋಯಿಟ್: ಪರೀಕ್ಷಾನಳಿಕೆಯಲ್ಲಿ ಹಳದಿ, ಗಣಿಯಲ್ಲಿ ಕೆಂಪು

ಪಿಯುಸಿ ಲವಣ ವಿಶ್ಲೇಷಣೆಯಲ್ಲಿ ಸೀಸವನ್ನು ಖಚಿತಪಡಿಸಿಕೊಳ್ಳಲು ಪೊಟ್ಯಾಶಿಯಂ ಕ್ರೋಮೇಟ್ ಹಾಕುತ್ತೇವೆ. ಹಳದಿ ಪ್ರಕ್ಷೇಪ ಬೀಳುತ್ತದೆ. ಅದು ಲೆಡ್ ಕ್ರೋಮೇಟ್. ಒಂದು ಸೀಸ, ಒಂದು ಕ್ರೋಮಿಯಂ, ನಾಲ್ಕು ಆಮ್ಲಜನಕದ ಇದೇ ಸಂಯುಕ್ತ ಭೂಮಿಯೊಳಗೆ ಖನಿಜವಾಗಿ ಬೆಳೆದಾಗ ಅದರ ಹೆಸರು ಕ್ರೋಕೋಯಿಟ್, ಬಣ್ಣ ಕಿತ್ತಳೆಗೆಂಪು. ಖನಿಜಶಾಸ್ತ್ರದ ತರಗತಿಗೆ ಹೊಸದಾಗಿ ಬಂದವರು ಮೊದಲು ಕೇಳುವ ಪ್ರಶ್ನೆಯೂ ಇದೇ: ಸಂಯೋಜನೆ ಒಂದೇ ಆದಮೇಲೆ ಬಣ್ಣ ಏಕೆ ಬೇರೆ?

ಉತ್ತರ ಕಣದ ಗಾತ್ರದಲ್ಲಿದೆ. ಲೆಡ್ ಕ್ರೋಮೇಟ್ ಸುಮಾರು 540 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನು, ಅಂದರೆ ನೇರಳೆ, ನೀಲಿ ಮತ್ತು ಹಸಿರಿನ ಬಹುಭಾಗವನ್ನು ಬಲವಾಗಿ ಹೀರುತ್ತದೆ. ಅದರ ಮೇಲಿನ ಹಳದಿ ಭಾಗವನ್ನೂ ಹೀರುತ್ತದೆ, ಆದರೆ ತೀರಾ ದುರ್ಬಲವಾಗಿ. ಪುಡಿಯಲ್ಲಿ ಬೆಳಕು ಕೆಲವೇ ಮೈಕ್ರೋಮೀಟರ್ ಒಳಹೊಕ್ಕು ಚದುರಿ ಹೊರಬರುವುದರಿಂದ ಆ ದುರ್ಬಲ ಹೀರಿಕೆ ಲೆಕ್ಕಕ್ಕೇ ಬರುವುದಿಲ್ಲ, ಹಳದಿ ಉಳಿದುಬಿಡುತ್ತದೆ. ಮಿಲಿಮೀಟರ್‌ಗಟ್ಟಲೆ ದಪ್ಪದ ಹರಳಿನಲ್ಲಿ ಬೆಳಕಿನ ದಾರಿ ಸಾವಿರಪಟ್ಟು ಉದ್ದ. ದಾರಿಯುದ್ದಕ್ಕೂ ಹಳದಿ ಸೋರಿಹೋಗಿ ಕೆಂಪು, ಕಿತ್ತಳೆ ಮಾತ್ರ ಹೊರಬರುತ್ತವೆ. ಕೆಂಪು ಹರಳನ್ನು ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಎಳೆದರೆ ಗೀರು ಕಿತ್ತಳೆ ಹಳದಿಯಾಗಿ ಬೀಳುವುದೂ ಇದಕ್ಕೇ. ಹರಳನ್ನು ಗುರುತಿಸುವಾಗ ಮೈಬಣ್ಣಕ್ಕಿಂತ ಈ ಗೀರನ್ನು ನಂಬುವುದು ಮೇಲು.

ಈ ಹೀರಿಕೆಯ ಮೂಲವನ್ನೂ ತಿಳಿದಿರಬೇಕು. ಮಾಣಿಕ್ಯದ ಕೆಂಪು, ಪಚ್ಚೆಯ ಹಸಿರು ಕೂಡ ಕ್ರೋಮಿಯಂನಿಂದಲೇ ಬರುತ್ತವೆ, ಆದರೆ ಅಲ್ಲಿರುವುದು ಮೂರು ಧನಾವೇಶದ ಕ್ರೋಮಿಯಂ. ಬಣ್ಣಕ್ಕೆ ಕಾರಣ ಡಿ ಕಕ್ಷೆಗಳೊಳಗಿನ ಎಲೆಕ್ಟ್ರಾನ್ ಜಿಗಿತ. ಕ್ರೋಕೋಯಿಟ್‌ನಲ್ಲಿರುವುದು ಆರು ಧನಾವೇಶದ್ದು. ಅದರ ಡಿ ಕಕ್ಷೆಗಳಲ್ಲಿ ಎಲೆಕ್ಟ್ರಾನೇ ಇಲ್ಲ. ಆಮ್ಲಜನಕದಿಂದ ಕ್ರೋಮಿಯಂ ಕಡೆಗೆ ಎಲೆಕ್ಟ್ರಾನ್ ವರ್ಗಾವಣೆಯಾಗುತ್ತದೆ, ಅದರಿಂದಲೇ ಬಣ್ಣ ಇಷ್ಟು ಗಾಢ. ಪರೀಕ್ಷೆಯಲ್ಲಿ ಈ ಎರಡನ್ನು ಬೆರೆಸಿ ಬರೆಯುವವರು ಬಹಳ.

ಲವಣ ವಿಶ್ಲೇಷಣೆಯಲ್ಲೇ ಇನ್ನೊಂದು ಗೊಂದಲವಿದೆ. ಬೇರಿಯಂ ಕ್ರೋಮೇಟ್ ಕೂಡ ಹಳದಿ. ಎರಡನ್ನೂ ಬೇರ್ಪಡಿಸಲು ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತೇವೆ: ಸೀಸದ್ದು ಕರಗುತ್ತದೆ, ಬೇರಿಯಂನದು ಕರಗುವುದಿಲ್ಲ. ಆದರೆ ಕ್ಷಾರ ಸಾಲದಷ್ಟೇ ಬಿದ್ದು ಬಿಸಿಯಾದರೆ ಪ್ರಕ್ಷೇಪ ಕರಗುವ ಬದಲು ಕಿತ್ತಳೆಗೆಂಪಾಗುತ್ತದೆ. ಆಗ ನಳಿಕೆಯಲ್ಲಿರುವುದು ಬೇಸಿಕ್ ಲೆಡ್ ಕ್ರೋಮೇಟ್, ಸೀಸದ ಪಾಲು ಹೆಚ್ಚಿರುವ ಬೇರೆಯದೇ ಸಂಯುಕ್ತ. ನಿಸರ್ಗದಲ್ಲಿ ಇಂಥದ್ದಕ್ಕೆ ಫೀನಿಕೋಕ್ರೋಯಿಟ್ ಎಂಬ ಹೆಸರಿದೆ, ಅದೂ ಕೆಂಪೇ. ನಳಿಕೆಯ ಕೆಂಪು ಕಂಡು ‘ಕ್ರೋಕೋಯಿಟ್ ಬಂತು’ ಎಂದು ಬರೆದರೆ ತಪ್ಪು. ಇನ್ನಷ್ಟು ಕ್ಷಾರ ಹಾಕಿ ಕರಗುವುದನ್ನು ನೋಡಿಯೇ ಬರೆಯಿರಿ.

ಭೌತಿಕ ಗುಣಗಳು: ಮಾನೋಕ್ಲಿನಿಕ್ ವ್ಯವಸ್ಥೆ (ಮೂರು ಅಕ್ಷಗಳ ಉದ್ದ ಬೇರೆಬೇರೆ, ಒಂದು ಕೋನ ಮಾತ್ರ ಓರೆ), ಮೋನಜೈಟ್ ಎಂಬ ಫಾಸ್ಫೇಟ್ ಖನಿಜದ್ದೇ ಮಾದರಿಯ ರಚನೆ. ಉದ್ದನೆಯ ಪಟ್ಟಕದಂಥ ಹರಳುಗಳು, ಉದ್ದಕ್ಕೂ ಸಣ್ಣ ಗೆರೆಗಳು, ಎಷ್ಟೋ ಸಲ ತುದಿ ಟೊಳ್ಳು. ಮೋಸ್ ಮಾಪಕದಲ್ಲಿ ಗಡಸುತನ 2.5ರಿಂದ 3, ಅಂದರೆ ತಾಮ್ರದ ನಾಣ್ಯಕ್ಕೂ ಸೋಲಬಹುದು. ವಜ್ರದಂಥ ಹೊಳಪು, ವಕ್ರೀಭವನ ಸೂಚ್ಯಂಕ ದಿಕ್ಕಿಗೆ ತಕ್ಕಂತೆ ಸುಮಾರು 2.3ರಿಂದ 2.66. ವಜ್ರದ್ದು 2.42 ಎಂಬುದನ್ನು ಪಕ್ಕದಲ್ಲಿಟ್ಟುಕೊಂಡರೆ ಆ ಹೊಳಪು ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ತೂಕದಲ್ಲಿ ಸೀಸ 64.1%, ಕ್ರೋಮಿಯಂ 16.1%, ಉಳಿದದ್ದು ಆಮ್ಲಜನಕ.

ಸಾಂದ್ರತೆಯ ಲೆಕ್ಕವನ್ನು ಮಾತ್ರ ಕೈಯಾರೆ ಮಾಡಿ ನೋಡಲೇಬೇಕು, ಏಕೆಂದರೆ ಅದರಲ್ಲೊಂದು ಬಲೆ ಇದೆ. ಏಕಕೋಶದ, ಅಂದರೆ ಹರಳಿನಲ್ಲಿ ಮರುಕಳಿಸುವ ಅತಿ ಚಿಕ್ಕ ಘಟಕದ, ಅಳತೆಗಳು 7.127, 7.438, 6.799 ಆಂಗ್‌ಸ್ಟ್ರಾಂ, ಬೀಟಾ ಕೋನ 102.43 ಡಿಗ್ರಿ, ಒಂದು ಕೋಶದಲ್ಲಿ 4 ಸೂತ್ರಘಟಕ, ಅಣುತೂಕ 323.2. ಮಾನೋಕ್ಲಿನಿಕ್ ಆದ್ದರಿಂದ ಗಾತ್ರಕ್ಕೆ ಮೂರು ಬದಿಗಳ ಗುಣಲಬ್ಧವನ್ನು ಸೈನ್ ಬೀಟಾದಿಂದ (0.9766) ಗುಣಿಸಬೇಕು: 360.4 × 0.9766 = 352.0 ಘನ ಆಂಗ್‌ಸ್ಟ್ರಾಂ. ಸಾಂದ್ರತೆ = (4 × 323.2) ÷ (0.6022 × 352.0) = 6.10 ಗ್ರಾಂ ಪ್ರತಿ ಘನ ಸೆಂಟಿಮೀಟರ್ (0.6022 ಬಂದದ್ದು ಅವೊಗಾಡ್ರೊ ಸಂಖ್ಯೆಯಿಂದ, ಘನ ಆಂಗ್‌ಸ್ಟ್ರಾಂ ಅನ್ನು ಘನ ಸೆಂಟಿಮೀಟರ್‌ಗೆ ಬದಲಿಸಿದ ಮೇಲೆ). ಸೈನ್ ಬೀಟಾ ಮರೆತರೆ 5.96 ಬರುತ್ತದೆ. ನಿಜವಾದ ಹರಳುಗಳಲ್ಲಿ ಅಳೆದ ಬೆಲೆ ಸುಮಾರು 6.0. ಹಾಗಾಗಿ ತಪ್ಪು ಉತ್ತರವೇ ಅಳತೆಗೆ ಹತ್ತಿರವಿದ್ದು ಸರಿ ಎಂಬ ಭ್ರಮೆ ಹುಟ್ಟಿಸುತ್ತದೆ. ಅಳತೆ ಕಡಿಮೆ ಬರುವುದು ಹರಳಿನ ಟೊಳ್ಳು ಮತ್ತು ಒಳಸೇರಿದ ಹಗುರ ಖನಿಜಗಳಿಂದ, ಸೂತ್ರದಿಂದಲ್ಲ.

ಅಳೆಯುವ ವಿಧಾನ ಹಳೆಯದೇ. ಚೂರನ್ನು ಗಾಳಿಯಲ್ಲಿ ತೂಗಿ, ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಬೇಕು. ಗಾಳಿಯಲ್ಲಿ 18.30 ಗ್ರಾಂ, ನೀರಿನಲ್ಲಿ 15.24 ಗ್ರಾಂ ಇದ್ದರೆ ವ್ಯತ್ಯಾಸ 3.06, 18.30 ÷ 3.06 = 5.98. ಟೊಳ್ಳಿನಲ್ಲಿ ಗಾಳಿಗುಳ್ಳೆ ಉಳಿದರೆ ಬೆಲೆ 5.5ಕ್ಕೂ ಇಳಿಯಬಹುದು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಚೂರನ್ನು ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ಆಮೇಲೆ ತೂಗಿ. ಒಳ್ಳೆಯ ಮಾದರಿಯನ್ನು ಇದಕ್ಕೆ ಬಳಸಬೇಡಿ, ಮುರಿದ ಚೂರು ಸಾಕು.

ಇನ್ನು ಹುಟ್ಟು. ಇಲ್ಲೇ ಈ ಖನಿಜದ ವಿರಳತೆಯ ಗುಟ್ಟಿರುವುದು. ಸೀಸ ಸಾಮಾನ್ಯವಾಗಿ ಗಲೀನಾ (ಸೀಸದ ಸಲ್ಫೈಡ್) ರೂಪದಲ್ಲಿ ಬಿಸಿನೀರಿನ ದ್ರಾವಣಗಳು ಬಿಟ್ಟುಹೋದ ಸಿರೆಗಳಲ್ಲಿರುತ್ತದೆ. ಕ್ರೋಮಿಯಂ ಇರುವುದು ಕ್ರೋಮೈಟ್ (ಕಬ್ಬಿಣ-ಕ್ರೋಮಿಯಂ ಆಕ್ಸೈಡ್) ಆಗಿ, ಭೂಮಿಯ ಹೊರಪದರದ ಕೆಳಗಿನ ಮ್ಯಾಂಟಲ್ ಕಡೆಯಿಂದ ಬಂದ ಅಲ್ಟ್ರಾಮಾಫಿಕ್ ಶಿಲೆಗಳಲ್ಲಿ, ಅಂದರೆ ಮೆಗ್ನೀಶಿಯಂ, ಕಬ್ಬಿಣ ಹೆಚ್ಚಿರುವ ಕಪ್ಪು ಶಿಲೆಗಳಲ್ಲಿ. ಎರಡರ ಮನೆಯೂ ಬೇರೆ. ಇವು ಒಂದೇ ಕಡೆ ಬಂದರೂ ಸಾಲದು: ಗಲೀನಾ ಗಾಳಿ, ನೀರಿಗೆ ಸಿಕ್ಕು ಆಕ್ಸಿಡೀಕರಣಗೊಳ್ಳಬೇಕು, ಸುಲಭಕ್ಕೆ ಕರಗದ ಕ್ರೋಮೈಟ್ ಶಿಥಿಲವಾಗಬೇಕು, ಅದರ ಮೂರು ಧನಾವೇಶದ ಕ್ರೋಮಿಯಂ ಆರಕ್ಕೆ ಏರಬೇಕು. ಈ ಕೊನೆಯ ಹೆಜ್ಜೆಗೆ ಗಾಳಿಯ ಆಮ್ಲಜನಕ ಒಂದೇ ಬಹಳ ನಿಧಾನ. ನಿಸರ್ಗದಲ್ಲಿ ಅದನ್ನು ಮುಖ್ಯವಾಗಿ ಮಾಡುವುದು ಮ್ಯಾಂಗನೀಸ್ ಆಕ್ಸೈಡುಗಳು. ಕ್ರೋಕೋಯಿಟ್ ಸಿಗುವ ಕಡೆ ಕಪ್ಪು ಮ್ಯಾಂಗನೀಸ್ ಲೇಪ ಕಂಡರೆ ಅದನ್ನು ಕೊಳೆಯೆಂದು ಉಜ್ಜಿ ತೆಗೆಯುವ ಮೊದಲು ಈ ಮಾತು ನೆನಪಿರಲಿ.

ಲೆಡ್ ಕ್ರೋಮೇಟ್ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 0.17 ಮಿಲಿಗ್ರಾಂ ಮಾತ್ರ ಕರಗುತ್ತದೆ. ನಳಿಕೆಯಲ್ಲಿ ಎರಡು ದ್ರಾವಣ ಸೇರಿದ ಕ್ಷಣವೇ ಕೋಟ್ಯಂತರ ಬೀಜಕಣ ಹುಟ್ಟುವುದರಿಂದ ಪುಡಿ ಬರುತ್ತದೆ. ಸೆಂಟಿಮೀಟರ್‌ಗಟ್ಟಲೆ ಉದ್ದದ ಹರಳು ಬೇಕಾದರೆ ಅಯಾನುಗಳು ಹನಿಹನಿಯಾಗಿ ಬರಬೇಕು, ಬೆಳೆಯಲು ಪೊಳ್ಳು ಜಾಗ ಬೇಕು. ನೀರು ತುಸು ಆಮ್ಲೀಯವಾಗಿದ್ದರೆ ಇದಕ್ಕೆ ಅನುಕೂಲ: ಪಿಎಚ್ 6.5ಕ್ಕಿಂತ ಕೆಳಗೆ ಕ್ರೋಮೇಟಿನ ಬಹುಪಾಲು ಹೈಡ್ರೋಜನ್ ಕ್ರೋಮೇಟ್ ಆಗುತ್ತದೆ, ಬಿಡಿ ಕ್ರೋಮೇಟ್ ಕಡಿಮೆಯಾಗಿ ಪ್ರಕ್ಷೇಪಣ ನಿಧಾನವಾಗುತ್ತದೆ.

ಈ ಎಲ್ಲವೂ ಕೂಡಿಬಂದ ಅತ್ಯುತ್ತಮ ಜಾಗ ಟಾಸ್ಮೇನಿಯಾದ ಡಂಡಾಸ್. ಅಲ್ಲಿನ ಅಡಿಲೇಡ್ ಮತ್ತು ರೆಡ್ ಲೆಡ್ ಗಣಿಗಳ ಹರಳುಗಳೇ ಪ್ರಪಂಚದ ಸಂಗ್ರಹಾಲಯಗಳಲ್ಲಿ ಹೆಚ್ಚಾಗಿ ಕಾಣುವುದು. ಅಲ್ಟ್ರಾಮಾಫಿಕ್ ಶಿಲೆ ನೀರು ಸೇರಿ ಬದಲಾದ ಸರ್ಪೆಂಟಿನೈಟ್, ಅದರ ನೆರೆಯಲ್ಲೇ ಬೆಳ್ಳಿ-ಸೀಸದ ಸಿರೆಗಳು, ಮೇಲೆ ಧಾರಾಳ ಮಳೆ. ಜೊತೆಯಲ್ಲಿ ಸೆರುಸೈಟ್, ಗೀಥೈಟ್, ಗಿಬ್‌ಸೈಟ್, ಡಂಡಾಸೈಟ್ ಎಂಬ ಖನಿಜಗಳಿರುತ್ತವೆ. ಮೊದಲು ಗುರುತಿಸಿದ್ದು ಮಾತ್ರ ರಷ್ಯಾದ ಉರಾಲ್‌ನ ಬೆರೆಜೋವ್ಸ್ಕ್ ಚಿನ್ನದ ಗಣಿಯಲ್ಲಿ, 18ನೇ ಶತಮಾನದಲ್ಲಿ. ಆ ‘ಸೈಬೀರಿಯಾದ ಕೆಂಪು ಸೀಸ’ವನ್ನೇ 1797ರಲ್ಲಿ ಪ್ಯಾರಿಸ್‌ನ ರಸಾಯನಶಾಸ್ತ್ರಜ್ಞ ಲೂಯಿ ನಿಕೊಲಾ ವೋಕ್ಲಾಂ ಪೊಟ್ಯಾಶಿಯಂ ಕಾರ್ಬೊನೇಟ್ ಜೊತೆ ಕುದಿಸಿ, ಸೀಸವನ್ನು ಕಾರ್ಬೊನೇಟ್ ಆಗಿ ಕೆಳಗಿಳಿಸಿ, ಹಳದಿ ದ್ರಾವಣದಲ್ಲಿ ಹೊಸ ಧಾತುವನ್ನು ಕಂಡ. ಕ್ರೋಮಿಯಂ ಪತ್ತೆಯಾದದ್ದು ಹೀಗೆ. ಬ್ರೆಜಿಲ್‌ನ ಕಾಂಗೋನ್ಯಾಸ್, ಜರ್ಮನಿಯ ಕಾಲೆನ್‌ಬರ್ಗ್‌ಗಳಲ್ಲೂ ಸಣ್ಣ ಪ್ರಮಾಣದಲ್ಲಿದೆ.

ನಮ್ಮ ಕಡೆ? ಮೈಸೂರಿನ ಹತ್ತಿರದ ಸಿಂಧುವಳ್ಳಿಯಲ್ಲಿ ಕ್ರೋಮೈಟ್ ಇರುವ ಅಲ್ಟ್ರಾಮಾಫಿಕ್ ಶಿಲೆಗಳಿವೆ; ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ಶಿಸ್ಟ್ (ಪದರಪದರವಾದ ರೂಪಾಂತರಿತ ಶಿಲೆ) ಪಟ್ಟಿಯಲ್ಲೂ ಅಲ್ಟ್ರಾಮಾಫಿಕ್ ಇದೆ. ಕ್ರೋಮಿಯಂನ ಕೊರತೆ ಇಲ್ಲ. ಇಲ್ಲದಿರುವುದು ಡಂಡಾಸ್‌ನಂತೆ ಪಕ್ಕದಲ್ಲೇ ಹಾಯುವ ಸಮೃದ್ಧ ಗಲೀನಾ ಸಿರೆಗಳು. ಆದ್ದರಿಂದ ಸುತ್ತಮುತ್ತ ಹೊಲದಲ್ಲಿ ಸಿಕ್ಕ ಕೆಂಪು ಹರಳನ್ನು ಮೊದಲು ಗಾರ್ನೆಟ್ ಅಥವಾ ಕೊರಂಡಂ (ಮಾಣಿಕ್ಯದ ಜಾತಿಯ ಖನಿಜ) ಎಂದೇ ಅನುಮಾನಿಸಬೇಕು. ಪರೀಕ್ಷೆ ಸುಲಭ: ಅವೆರಡೂ ಗಾಜನ್ನು ಗೀರುತ್ತವೆ, ಸಾಂದ್ರತೆ 4ರ ಆಸುಪಾಸು. ಕ್ರೋಕೋಯಿಟ್ ಗಾಜನ್ನು ಗೀರಲಾರದು, ಕೈಗೆ ಗಾತ್ರಕ್ಕೆ ಮೀರಿ ಭಾರ.

ಕೊಂಡ ಮಾದರಿಗಳಲ್ಲಿ ಮೋಸಹೋಗುವುದು ಬೇರೆ ಖನಿಜಗಳಿಂದ. ರಿಯಲ್ಗಾರ್ (ಆರ್ಸೆನಿಕ್ ಸಲ್ಫೈಡ್) ಅದೇ ಬಣ್ಣದ್ದು, ಗೀರೂ ಕಿತ್ತಳೆಗೆಂಪು, ಆದರೆ ಸಾಂದ್ರತೆ 3.5 ಅಷ್ಟೇ. ಸಿನಬಾರ್‌ನ (ಪಾದರಸದ ಸಲ್ಫೈಡ್) ಸಾಂದ್ರತೆ 8ಕ್ಕೂ ಮೇಲೆ, ಗೀರು ಕಡುಗೆಂಪು. ಸೀಸದ ಖನಿಜಗಳೇ ಆದ ವನಡಿನೈಟ್ ಆರು ಬದಿಯ ಗಿಡ್ಡ ಹರಳು, ವುಲ್ಫನೈಟ್ ಚೌಕ ತಟ್ಟೆಯಂಥದ್ದು, ಗೀರು ಬಿಳಿ.

ಕ್ರೋಕೋಯಿಟ್‌ನಲ್ಲಿ ಸೀಸವೂ ಇದೆ, ಕ್ಯಾನ್ಸರ್‌ಕಾರಕವೆಂದು ಖಚಿತವಾಗಿರುವ ಆರು ಧನಾವೇಶದ ಕ್ರೋಮಿಯಂ ಕೂಡ ಇದೆ. ಗಟ್ಟಿ ಹರಳನ್ನು ಮುಟ್ಟಿದರೆ ಭಯವಿಲ್ಲ, ಧೂಳೇ ಅಪಾಯ. ಒಣ ಪುಡಿ ಮಾಡಬೇಡಿ, ಗೀರಿದ ಬಿಲ್ಲೆಯನ್ನು ಊದಬೇಡಿ, ಒದ್ದೆ ಕಾಗದದಿಂದ ಒರೆಸಿ. ಹೈಡ್ರೋಕ್ಲೋರಿಕ್ ಆಮ್ಲದಿಂದ ಸ್ವಚ್ಛಗೊಳಿಸಲು ಹೋಗಲೇಬೇಡಿ: ಸಾಂದ್ರ ಆಮ್ಲದಲ್ಲಿ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ, ಹರಳು ಹಸಿರು ದ್ರಾವಣವಾಗಿ ಹಾಳಾಗುತ್ತದೆ. ಮೆತ್ತನೆಯ ಕುಂಚ ಸಾಕು. ಬಿಸಿಲಿಗೆ ಇಟ್ಟರೆ ಹೊಳಪೂ ಪಾರದರ್ಶಕತೆಯೂ ಕುಂದುತ್ತವೆ, ಆದ್ದರಿಂದ ಮುಚ್ಚಿದ ಡಬ್ಬಿಯಲ್ಲಿ, ಹತ್ತಿಯ ಬದಲು ಫೋಮ್ ಮೇಲೆ ಇಡಿ. ಹತ್ತಿಯ ಎಳೆ ಸಿಕ್ಕಿಕೊಂಡು ತೆಳು ಹರಳು ಮುರಿಯುತ್ತದೆ. ಪ್ರಯೋಗಶಾಲೆಯ ಹಳದಿ ಪ್ರಕ್ಷೇಪಕ್ಕೂ ಇದೇ ಎಚ್ಚರ ಬೇಕು. ಅದನ್ನು ಸಿಂಕಿಗೆ ಸುರಿಯದೆ, ಸೀಸದ ತ್ಯಾಜ್ಯಕ್ಕೆಂದು ಚೀಟಿ ಅಂಟಿಸಿದ ಬಾಟಲಿಗೆ ಹಾಕಿ.