ಗೆರೆ ಮುಚ್ಚಿದರೆ ‘ಸ’, ತೆರೆದರೆ ‘ಮ’

ಪಂಜಾಬಿಯ ಗುರುಮುಖಿ ಲಿಪಿಯಲ್ಲಿ ‘ಮ’ ಮತ್ತು ‘ಸ’ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೈಕಟ್ಟು ಒಂದೇ, ವ್ಯತ್ಯಾಸ ಇರುವುದು ನೆತ್ತಿಯಲ್ಲಿ ಮಾತ್ರ. ಅಕ್ಷರದ ಮೇಲಿನ ಗೆರೆ ಈ ತುದಿಯಿಂದ ಆ ತುದಿಗೆ ಪೂರ್ತಿ ಹೋದರೆ ‘ಸ’. ನಡುವೆ ತುಂಡಾಗಿ ಬಾಯಿ ತೆರೆದಿದ್ದರೆ ‘ಮ’. ಆ ಸಂದಿ ಮುಚ್ಚಿಹೋದರೆ ‘ಮಾಲ್’ ಅಂತ ಬರೆದದ್ದು ‘ಸಾಲ್’ ಆಗುತ್ತದೆ. ಸರಕು ಹೋಗಿ ವರ್ಷ ಬರುತ್ತದೆ! ಅಂಗಡಿಯವನು ‘ಸೇಲ್’ ಎಂದು ಬರೆಸಿದ ಬೋರ್ಡಿನಲ್ಲಿ ಆ ಗೆರೆಯ ಬಣ್ಣ ಉದುರಿದರೆ ಅದು ‘ಮೇಲ್’ ಆದೀತು.

ಫಾಂಟ್ ಮಾಡುವವರಿಗೆ ಇದು ತಲೆನೋವು. ಪತ್ರಿಕೆಯ ಅಗ್ಗದ ಕಾಗದದಲ್ಲಿ ಶಾಯಿ ಹರಡುತ್ತದೆ, ಸಣ್ಣ ಸಂದಿಗಳು ತುಂಬಿಕೊಳ್ಳುತ್ತವೆ. ಮೊಬೈಲ್ ಪರದೆಯ ಕಷ್ಟ ಬೇರೆ. ಅಲ್ಲಿ ಒಂದು ಸಣ್ಣ ಅಕ್ಷರಕ್ಕೆ ಸಿಗುವ ಪಿಕ್ಸೆಲ್‌ಗಳು ಕೆಲವೇ. ಸಂದಿಯ ಪಾಲಿಗೆ ಒಂದು ಪಿಕ್ಸೆಲ್ ಕೂಡ ಪೂರ್ತಿ ಬಾರದಿದ್ದರೆ ಅಲ್ಲಿ ಬೂದು ಬಣ್ಣ ಕಾಣುತ್ತದೆ. ಅದನ್ನು ಗೆರೆ ಅಂದುಕೊಳ್ಳಬೇಕೋ ಖಾಲಿ ಜಾಗ ಅಂದುಕೊಳ್ಳಬೇಕೋ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ದಿನಬಳಕೆಯ ಫಾಂಟಿನಲ್ಲಿ ‘ಮ’ದ ಬಾಯಿಯನ್ನು ಸ್ವಲ್ಪ ಜಾಸ್ತಿಯೇ ತೆರೆದಿಡಬೇಕು. ಮದುವೆ ಕಾರ್ಡಿನ ದಪ್ಪಕ್ಷರದಲ್ಲಿ, ಲಾರಿಯ ಹಿಂಬದಿಯ ಬರಹದಲ್ಲಿ ಈ ಭಯವಿಲ್ಲ. ಅಲ್ಲಿ ಗೆರೆಯನ್ನು ಬಳುಕಿಸಬಹುದು, ತುದಿಗೆ ಸುರುಳಿ ಕಟ್ಟಬಹುದು. ಆದರೆ ಗೆರೆಯನ್ನು ಪೂರ್ತಿ ತೆಗೆದುಬಿಟ್ಟರೆ ‘ಸ’ಕ್ಕೆ ಉಳಿಗಾಲವಿಲ್ಲ. ಅದೊಂದಕ್ಕಾದರೂ ಪುಟ್ಟ ಟೋಪಿ ಬಿಡಲೇಬೇಕು.

ಈ ಲಿಪಿಗೆ ಒಂದು ವ್ಯವಸ್ಥೆ ತಂದವರು ಸಿಖ್ಖರ ಎರಡನೇ ಗುರು ಅಂಗದ್ ದೇವ್, 16ನೇ ಶತಮಾನದಲ್ಲಿ. ಮೂಲ ಅಕ್ಷರಗಳು 35, ಅದಕ್ಕೇ ವರ್ಣಮಾಲೆಯನ್ನು ‘ಪೈಂತಿ’ ಎಂದು ಕರೆಯುತ್ತಾರೆ. ಹಳೆಯ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಇಡೀ ಸಾಲು ಒಂದೇ ಸರ. ಇದಕ್ಕೆ ‘ಲಡೀವಾರ್’ ಎಂದು ಹೆಸರು. ಈಗಿನ ಮುದ್ರಿತ ಗುರು ಗ್ರಂಥ ಸಾಹಿಬ್‌ನಲ್ಲಿ 1430 ಪುಟಗಳಿವೆ. ಯಾವ ವಚನ ಎಷ್ಟನೇ ಪುಟದಲ್ಲಿದೆ ಎಂದು ಹೇಳಿದರೆ ಎಲ್ಲರ ಪ್ರತಿಯಲ್ಲೂ ಅಲ್ಲೇ ಸಿಗಬೇಕು. ಫಾಂಟ್ ಒಂಚೂರು ಅಗಲವಾದರೂ ಸಾಲು ಮುಂದಕ್ಕೆ ಜರುಗುತ್ತದೆ, ಪುಟ ಕದಲುತ್ತದೆ. ಇಲ್ಲಿ ಅಂದಕ್ಕಿಂತ ಅಳತೆ ಮುಖ್ಯ.

ಅಲಂಕಾರಕ್ಕೆ ಅತಿ ಹೆಚ್ಚು ಬಳಕೆಯಾಗುವ ಗುರುಮುಖಿ ರೂಪ ಯಾವುದು ಅಂದರೆ ‘ಇಕ್ ಓಂಕಾರ್’. ‘ದೇವರೊಬ್ಬನೇ’ ಎನ್ನುವ ಗುರುತು ಅದು. ಗುರುದ್ವಾರದ ಗೋಡೆ, ಲಗ್ನಪತ್ರಿಕೆಯ ನೆತ್ತಿ, ಕೊರಳಿನ ಪದಕ, ಕಾರಿನ ಗಾಜು, ತೋಳಿನ ಹಚ್ಚೆ, ಎಲ್ಲಿ ನೋಡಿದರೂ ಇದೆ. ಬೀದರ್‌ನ ನಾನಕ್ ಝೀರಾಕ್ಕೆ ಹೋಗಿಬಂದವರಿಗೂ ಇದರ ಪರಿಚಯ ಇದ್ದೇ ಇರುತ್ತದೆ. ಬಿಡಿಸಿ ನೋಡಿದರೆ ಮೊದಲು 1 ಎಂಬ ಅಂಕಿ. ಅದರ ಪಕ್ಕ ವರ್ಣಮಾಲೆಯ ಮೊದಲ ಅಕ್ಷರ ‘ಊಡಾ’. ಅದರ ಮೇಲಿನಿಂದ ಬಲಕ್ಕೆ ಚಾಚಿಕೊಂಡ ಉದ್ದನೆಯ ಕಮಾನು. ಕಲಾವಿದರಿಗೆ ಸಿಕ್ಕಿರುವ ಸ್ವಾತಂತ್ರ್ಯವೆಲ್ಲ ಆ ಕಮಾನಿನಲ್ಲೇ. ಎಷ್ಟು ಎಳೆದರೂ ಅರ್ಥ ಕೆಡುವುದಿಲ್ಲ.

ಕಂಪ್ಯೂಟರಿನಲ್ಲಿ ಇದರ ಕಥೆ ಇನ್ನೂ ಮಜವಾಗಿದೆ. ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಗುರುಮುಖಿ ಚಿತ್ರಗಳನ್ನು ಕೂರಿಸುತ್ತಿದ್ದರು. ಹಾಗೆ ಬಂದ ಫಾಂಟುಗಳಲ್ಲಿ ತುಂಬಾ ಹೆಸರು ಮಾಡಿದ್ದು ಅಮೆರಿಕದಲ್ಲಿದ್ದ ವೈದ್ಯ ಕುಲಬೀರ್ ಸಿಂಗ್ ಥಿಂದ್ ಅವರ ಅನಮೋಲ್‌ಲಿಪಿ. ಅದರಲ್ಲಿ ‘ಪಂಜಾಬ್’ ಎಂದು ಬರೆಯಲು ಸಣ್ಣ ಪಿ, ದೊಡ್ಡ ಎಂ, ಸಣ್ಣ ಜೆ, ಡಬ್ಲ್ಯೂ, ಬಿ ಒತ್ತಬೇಕು. ದೊಡ್ಡ ಎಂ ಅಂದರೆ ಮೂಗಿನ ಉಚ್ಚಾರದ ಗುರುತು ‘ಟಿಪ್ಪಿ’, ಡಬ್ಲ್ಯೂ ಅಂದರೆ ‘ಆ’ ಸ್ವರದ ಗುರುತು. ಇಕ್ ಓಂಕಾರ್‌ಗೆ ಎರಡು ಕೀಲಿ: ಗಣಿತದ ‘ಕಡಿಮೆ’, ‘ಹೆಚ್ಚು’ ಚಿಹ್ನೆಗಳು, ಒಂದರ ಹಿಂದೆ ಒಂದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ಇಕ್ ಓಂಕಾರ್‌ನಿಂದ ಶುರುವಾಗಬೇಕಾದ ಸಿಖ್ಖರ ಪವಿತ್ರ ಮೂಲಮಂತ್ರ ಎರಡು ಮೂಲೆಬಾಣಗಳಿಂದ ಶುರುವಾಗುತ್ತದೆ, ಮುಂದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಸಾಲದ್ದಕ್ಕೆ, ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್‌ನಲ್ಲಿ ಈ ಬಾಣಗಳಿಗೆ ಬೇರೆಯೇ ಕೆಲಸವಿದೆ. ಅವನ್ನು ಸುಮ್ನೆ ಹಾಗೇ ಹಾಕುವಂತಿಲ್ಲ. ಯುನಿಕೋಡ್‌ನಲ್ಲಿ ಇಕ್ ಓಂಕಾರ್‌ಗೆ ಅದರದ್ದೇ ಒಂದು ಸಂಕೇತ ಸಂಖ್ಯೆ ಇದೆ, ಈ ಗೋಳಿಲ್ಲ.

ಇನ್ನೊಂದು ಬದಲಾವಣೆ ಹ್ರಸ್ವ ‘ಇ’ಕಾರದ್ದು. ಗುರುಮುಖಿಯಲ್ಲಿ ಅದನ್ನು ವ್ಯಂಜನದ ಎಡಕ್ಕೆ ಬರೆಯುತ್ತಾರೆ, ಉಚ್ಚಾರ ಮಾತ್ರ ಆಮೇಲೆ. ಹಳೆಯ ಫಾಂಟುಗಳಲ್ಲಿ ಕಂಡ ಹಾಗೇ ಮೊದಲು ‘ಇ’ ಒತ್ತಬೇಕಿತ್ತು. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲೇ ಟೈಪ್ ಮಾಡಿದರೆ ಸಾಕು, ಎಡಕ್ಕೆ ಸರಿಸುವ ಕೆಲಸವನ್ನು ಅಕ್ಷರ ಮೂಡಿಸುವ ತಂತ್ರಾಂಶ ನೋಡಿಕೊಳ್ಳುತ್ತದೆ. ಹಳೆಯದನ್ನು ಹೊಸದಕ್ಕೆ ಬದಲಿಸುವ ಪರಿವರ್ತಕ ಅಕ್ಷರಕ್ಕೆ ಅಕ್ಷರ ಕೂರಿಸಿದರೆ ಆಗುವುದಿಲ್ಲ, ಪ್ರತಿ ‘ಇ’ಯನ್ನೂ ಹುಡುಕಿ ಜಾಗ ಬದಲಿಸಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಡತಗಳನ್ನು ಯುನಿಕೋಡ್‌ಗೆ ತಂದು ಒದ್ದಾಡಿದ ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ, ಅಲ್ವಾ?

ಈಗ ದಿನಬಳಕೆಯ ಗುರುಮುಖಿ ಫಾಂಟುಗಳಿಗೆ ಕೊರತೆಯಿಲ್ಲ. ವಿಂಡೋಸ್‌ನಲ್ಲಿ ‘ರಾವಿ’ ಬಂದು ಎಷ್ಟೋ ವರ್ಷವಾಯಿತು. ಉಚಿತವಾಗಿ ಸಿಗುವ ನೋಟೋ, ಮುಕ್ತ ಮಾಹೀ ಓದಲು ಹಿತವಾಗಿವೆ. ನನಗೆ ಇಷ್ಟವಾದದ್ದು ಮುಂಬೈನ ‘ಏಕ್ ಟೈಪ್’ ತಂಡ ಮಾಡಿದ ‘ಬಲೂ’. ಗುಂಡುಗುಂಡಾದ ದಪ್ಪ ಅಕ್ಷರಗಳು. ಪ್ರತಿ ಲಿಪಿಗೂ ಆಯಾ ಊರಿನ ಸಲುಗೆಯ ಹೆಸರು: ಗುರುಮುಖಿಯದು ‘ಬಲೂ ಪಾಜಿ’ (ಪಾಜಿ ಅಂದರೆ ಅಣ್ಣ), ಕನ್ನಡದ್ದು ‘ಬಲೂ ತಮ್ಮ’. ಪಾಜಿಯ ಅಕ್ಷರಗಳು ಅಷ್ಟು ದಪ್ಪಗಿದ್ದರೂ ‘ಮ’ದ ಬಾಯಿ ಮುಚ್ಚಿಲ್ಲ. ಅಣ್ಣ ತಮ್ಮ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಮನೆಯವರು ಎಂದು ತಕ್ಷಣ ಗೊತ್ತಾಗುತ್ತದೆ, ಆದರೆ ಒಬ್ಬನ ತಲೆ ಮೇಲೆ ನೆಟ್ಟಗಿನ ಗೆರೆ, ಇನ್ನೊಬ್ಬನದು ಕೊಕ್ಕೆಯಂಥ ತಲೆಕಟ್ಟು.